ಒಲೆ ಕಾಣದ ಸೊಪ್ಪು: 2006ರ ಪಾಲಕ್ ಪ್ರಕರಣ ಮತ್ತು ಬಳಕೆಗೆ ಬಾರದ ವಿಕಿರಣ

ಪಾಲಕ್ ಸೊಪ್ಪಿನ ಒಂದು ಎಲೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ದಪ್ಪ ನರ, ಅದರಿಂದ ಕವಲೊಡೆದ ಸಣ್ಣ ನರಗಳು. ನರಗಳ ಮಧ್ಯೆ ಎಲೆ ಉಬ್ಬಿ, ಸುಕ್ಕಾಗಿ, ಅಲ್ಲಲ್ಲಿ ಮಡಚಿಕೊಂಡಿರುತ್ತದೆ. ತೊಟ್ಟು ಕೊಯ್ದ ಜಾಗ ಮುಟ್ಟಿದರೆ ಒದ್ದೆ. ಬರಿಗಣ್ಣಿಗೆ ಕಾಣದ ಸಾವಿರಾರು ಉಸಿರುಗಂಡಿಗಳೂ ಅದರ ಮೇಲಿವೆ. ಶಾಲೆಯಲ್ಲಿ ಪತ್ರರಂಧ್ರ ಅಂತ ಓದಿದ್ದೇವಲ್ಲ, ಅವೇ. ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು. ಅಷ್ಟು ಸಣ್ಣ ಜೀವಿಗೆ ಈ ಎಲೆ ಒಂದು ಮಲೆನಾಡು ಇದ್ದ ಹಾಗೆ. ಗುಡ್ಡ, ಕಣಿವೆ, ಗವಿ ಎಲ್ಲ ಇದೆ. ಅಡಗಿ ಕೂತರೆ ಹುಡುಕಿ ತೆಗೆಯುವುದು ಕಷ್ಟ.

ನಮ್ಮ ಅಡುಗೆಮನೆಯಲ್ಲಿ ಇದು ದೊಡ್ಡ ತಲೆನೋವಲ್ಲ. ಸಂತೆಯಿಂದ ತಂದ ಕಟ್ಟು ಬಿಚ್ಚಿ, ಸೋಸಿ, ಎರಡು ಮೂರು ನೀರಲ್ಲಿ ತೊಳೆದು, ಬೇಳೆ ಜೊತೆ ಕುಕ್ಕರಿಗೆ ಹಾಕುತ್ತೇವೆ. ಮಸ್ಸೊಪ್ಪೋ ಬಸ್ಸಾರೋ ಆಗುವ ಹೊತ್ತಿಗೆ ಯಾವ ಗವಿಯಲ್ಲಿ ಯಾವ ಬ್ಯಾಕ್ಟೀರಿಯಾ ಕೂತಿದ್ದರೂ ಬೆಂದು ಹೋಗಿರುತ್ತದೆ. ತೊಳೆಯುವುದು ಮಣ್ಣು ಹೋಗಲಿ ಅಂತ. ರೋಗಾಣುವನ್ನು ಕೊಲ್ಲುವುದು ಒಲೆ. ಇವೆರಡು ಬೇರೆ ಬೇರೆ ಕೆಲಸ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ, ಯಾಕೆಂದರೆ ಎರಡೂ ತಾನಾಗಿ ನಡೆದುಹೋಗುತ್ತವೆ.

ಒಲೆಯನ್ನು ತೆಗೆದುಬಿಟ್ಟರೆ? ಹಸಿ ಸೊಪ್ಪನ್ನೇ ಚೀಲದಿಂದ ತಟ್ಟೆಗೆ ಸುರಿದುಕೊಂಡು ತಿಂದರೆ? ಆಗ ಕೊಲ್ಲುವ ಕೆಲಸ ಯಾರು ಮಾಡಬೇಕು? 2006ರಲ್ಲಿ ಅಮೆರಿಕಕ್ಕೆ ಈ ಪ್ರಶ್ನೆ ಎದುರಾಯಿತು. ಉತ್ತರವೊಂದು ಆಗಲೇ ಸರ್ಕಾರದ ಮೇಜಿನ ಮೇಲಿತ್ತು: ಸೊಪ್ಪಿಗೆ ವಿಕಿರಣ ಹಾಯಿಸಿ ರೋಗಾಣು ಕೊಲ್ಲುವುದು. ಎರಡು ವರ್ಷದಲ್ಲಿ ಅದಕ್ಕೆ ಅನುಮತಿಯೂ ಸಿಕ್ಕಿತು. ಆದರೂ ಪಾಲಕ್ ಬೆಳೆಗಾರರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಯಾಕೆ ಅನ್ನುವುದೇ ಈ ಪ್ರಕರಣ.

ಏನಾಯಿತು

ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬೇರೆ ಬೇರೆ ರಾಜ್ಯಗಳ ಆಸ್ಪತ್ರೆಗಳಿಗೆ ಒಂದೇ ಬಗೆಯ ರೋಗಿಗಳು ಬರತೊಡಗಿದರು. ಹೊಟ್ಟೆ ಹಿಂಡುವಂಥ ನೋವು, ರಕ್ತ ಭೇದಿ. ಕೆಲವರಿಗೆ ಕಿಡ್ನಿಯೇ ಕೈಕೊಟ್ಟಿತು. ಲ್ಯಾಬಿನಲ್ಲಿ ಸಿಕ್ಕಿದ್ದು ಇ. ಕೋಲಿ ಒ157:ಎಚ್7. ಇ. ಕೋಲಿಯಲ್ಲಿ ಬಹುಪಾಲು ನಿರುಪದ್ರವಿ, ನಮ್ಮ ಕರುಳಲ್ಲೇ ಕೋಟಿಗಟ್ಟಲೆ ಇವೆ. ಈ ತಳಿ ಹಾಗಲ್ಲ. ಇದು ಕರುಳಿಗೆ ಹೋಗಿ ಶೀಗಾ ಅನ್ನುವ ವಿಷ ಉತ್ಪಾದಿಸುತ್ತದೆ. ಆ ವಿಷ ರಕ್ತಕ್ಕೆ ಸೇರಿ ಕಿಡ್ನಿಯ ಸೂಕ್ಷ್ಮ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಚಿಕ್ಕ ಮಕ್ಕಳು ಮತ್ತು ವಯಸ್ಸಾದವರಿಗೆ ಅಪಾಯ ಜಾಸ್ತಿ. ಇನ್ನೂ ಕೆಟ್ಟ ಸಂಗತಿ ಅಂದರೆ, ಕಾಯಿಲೆ ಬೀಳಲು ಲಕ್ಷಾಂತರ ಬ್ಯಾಕ್ಟೀರಿಯಾ ಬೇಕಿಲ್ಲ. ಹತ್ತರಿಂದ ನೂರು ಇದ್ದರೂ ಸಾಕಾಗಬಹುದು.

ರಾಜ್ಯಗಳ ಲ್ಯಾಬುಗಳು ಬ್ಯಾಕ್ಟೀರಿಯಾದ ಡಿಎನ್‌ಎ ಗುರುತನ್ನು ಪಲ್ಸ್‌ನೆಟ್ ಅನ್ನುವ ಜಾಲಕ್ಕೆ ಹಾಕುತ್ತವೆ. ಬೆರಳಚ್ಚು ಹೊಂದಿಸಿದ ಹಾಗೆ ಗುರುತುಗಳು ಹೊಂದಿಕೊಂಡವು. ಸೆಪ್ಟೆಂಬರ್ 13ಕ್ಕೆ ವಿಸ್ಕಾನ್ಸಿನ್ ಮತ್ತು ಆರೆಗಾನ್ ರಾಜ್ಯಗಳ ತಜ್ಞರು ರೋಗ ನಿಯಂತ್ರಣ ಕೇಂದ್ರಕ್ಕೆ ಹೇಳಿದ್ದು ಒಂದೇ ಮಾತು: ಅನುಮಾನ ಪಾಲಕ್ ಮೇಲೆ. ಮರುದಿನವೇ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಚೀಲದಲ್ಲಿ ಬರುವ ಹಸಿ ಪಾಲಕ್ ತಿನ್ನಬೇಡಿ ಎಂದು ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟಿತು. ಅಂಗಡಿಗಳ ತಂಪು ಕಪಾಟಿನಿಂದ ಪಾಲಕ್ ಮಾಯವಾಯಿತು.

ಅಕ್ಟೋಬರ್ 6ರ ಲೆಕ್ಕದಲ್ಲಿ 26 ರಾಜ್ಯಗಳ 199 ಜನ ಕಾಯಿಲೆ ಬಿದ್ದಿದ್ದರು. 102 ಜನ ಆಸ್ಪತ್ರೆ ಸೇರಿದ್ದರು. 31 ಜನರಿಗೆ ಕಿಡ್ನಿ ವೈಫಲ್ಯದ ತೊಂದರೆ ಆಗಿತ್ತು. ಕೊನೆಗೆ ಎಫ್‌ಡಿಎ ದಾಖಲಿಸಿದ ಸಂಖ್ಯೆ 205. ಮೂರು ಜನ ತೀರಿಕೊಂಡರು. ಇಬ್ಬರು ವಯಸ್ಸಾದ ಹೆಂಗಸರು, ಒಂದು ಎರಡು ವರ್ಷದ ಮಗು.

ಮಗುವಿಗೆ ಸೊಪ್ಪು ತಿನ್ನಿಸುವುದು ಅಂದರೆ ಒಳ್ಳೆಯದನ್ನು ತಿನ್ನಿಸುವುದು, ಅಲ್ವಾ? ಈ ಪ್ರಕರಣದ ಬಗ್ಗೆ ಓದುವಾಗಲೆಲ್ಲ ನನಗೆ ಕಾಡುವುದು ಅದೇ.

ರೋಗಿಗಳ ಮನೆಯ ಫ್ರಿಜ್‌ಗಳಲ್ಲಿ ಉಳಿದಿದ್ದ ಚೀಲಗಳನ್ನು ತಂದು ಪರೀಕ್ಷೆ ಮಾಡಿದರು. ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಚೀಲದ ಮೇಲೆ ಪಿ227ಎ ಅನ್ನುವ ಕೋಡ್ ಇತ್ತು. 227 ಅಂದರೆ ವರ್ಷದ 227ನೇ ದಿನ, ಆಗಸ್ಟ್ 15. ಆ ದಿನ, ಆ ಪಾಳಿಯಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹ್ವಾನ್ ಬಟಿಸ್ಟಾ ಊರಿನ ಒಂದು ಘಟಕದಲ್ಲಿ ತುಂಬಿದ ಚೀಲಗಳು. ಆ ಕೋಡ್ ಹಿಡಿದು ಹಿಂದಕ್ಕೆ ಹೋದಾಗ ನಾಲ್ಕು ಹೊಲಗಳು ಸಿಕ್ಕವು. ಅದರಲ್ಲಿ ಸ್ಯಾನ್ ಬೆನಿಟೊ ಕೌಂಟಿಯ ಒಂದು ಹೊಲದ ಸುತ್ತಮುತ್ತ ರೋಗಿಗಳಲ್ಲಿದ್ದ ತಳಿಯೇ ಕಂಡಿತು. ದನದ ಸಗಣಿಯಲ್ಲಿತ್ತು, ಕಾಡುಹಂದಿಯ ಮಲದಲ್ಲಿತ್ತು, ಹೊಳೆಯ ನೀರಿನಲ್ಲಿತ್ತು. ಹೊಲಕ್ಕೂ ಅದಕ್ಕೂ ದೂರ ಒಂದು ಮೈಲಿಗಿಂತ ಸ್ವಲ್ಪ ಕಮ್ಮಿ. ಅಲ್ಲಿಂದ ಎಲೆಗೆ ಹೇಗೆ ಬಂತು ಅನ್ನುವುದನ್ನು ತನಿಖೆ ಖಚಿತವಾಗಿ ಹೇಳಲಾಗಲಿಲ್ಲ.

ಆ ಹೊಲ ಮೂರು ಎಕರೆಗೂ ಕಮ್ಮಿ. ನಮ್ಮ ಕಡೆ ಒಬ್ಬ ಸಣ್ಣ ರೈತನ ಜಮೀನು ಇರುತ್ತದಲ್ಲ, ಅಷ್ಟು. ಅಷ್ಟೇ ಜಾಗದ ಸೊಪ್ಪು 26 ರಾಜ್ಯಗಳಿಗೆ ಕಾಯಿಲೆ ಹೊತ್ತುಕೊಂಡು ಹೋಗಿದ್ದು ಹೇಗೆ? ಸೊಪ್ಪು ತೊಳೆಯುವ ಕಡೆ ಹಲವು ಹೊಲಗಳ ಎಲೆ ಒಂದೇ ಕಾಲುವೆಯಂಥ ನೀರಿನ ತೊಟ್ಟಿಯಲ್ಲಿ ತೇಲಿಕೊಂಡು ಹೋಗುತ್ತದೆ. ಕೆಟ್ಟ ಎಲೆ ನಾಲ್ಕಿದ್ದರೂ ಒಳ್ಳೆಯ ಎಲೆಗಳ ಜೊತೆ ಬೆರೆಯುತ್ತದೆ, ಸಾವಿರಾರು ಚೀಲಗಳಿಗೆ ಹಂಚಿಹೋಗುತ್ತದೆ. ಸಂತೆಯಲ್ಲಿ ಒಬ್ಬ ಅಜ್ಜಿ ಕಟ್ಟಿದ ಸೊಪ್ಪಿನ ಕಟ್ಟು ಕೆಟ್ಟಿದ್ದರೆ ಒಂದೆರಡು ಮನೆಗೆ ತೊಂದರೆ. ಇಲ್ಲಿ ಹಾಗಲ್ಲ.

ತೊಳೆದರೆ ಸಾಲದೇ?

ಆ ಚೀಲದ ಸೊಪ್ಪನ್ನು ತೊಳೆದಿದ್ದರು. ಕ್ಲೋರಿನ್ ಬೆರೆಸಿದ ತಣ್ಣನೆಯ ನೀರಲ್ಲಿ ತೊಳೆಯುವುದು ಈ ಉದ್ಯಮದಲ್ಲಿ ಮಾಮೂಲು. ಆದರೆ ತೊಳೆಯುವುದರಿಂದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ 90ರಿಂದ 99 ಶೇಕಡಾ ಕಮ್ಮಿಯಾಗುತ್ತದೆ, ಅಷ್ಟೇ. ಕೇಳಲು 99 ದೊಡ್ಡ ಸಂಖ್ಯೆ. ಎಲೆಯ ಮೇಲೆ ಹತ್ತು ಸಾವಿರ ಇದ್ದರೆ ನೂರು ಉಳಿದವು ಅಂತ ಅರ್ಥ. ಕಾಯಿಲೆಗೆ ನೂರು ಸಾಕು ಅಂತ ಈಗಷ್ಟೇ ನೋಡಿದೆವು.

ಕ್ಲೋರಿನ್ ಯಾಕೆ ಪೂರ್ತಿ ಕೆಲಸ ಮಾಡುವುದಿಲ್ಲ ಅಂದರೆ, ಅದು ಮುಟ್ಟಿದ್ದನ್ನು ಮಾತ್ರ ಕೊಲ್ಲುತ್ತದೆ. ಉಸಿರುಗಂಡಿಯ ಒಳಗೆ, ಕೊಯ್ದ ತೊಟ್ಟಿನ ಒಳಗೆ, ಮಡಿಕೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಯ ಹಿಂದೆ ನೀರೇ ಹೋಗುವುದಿಲ್ಲ. ಜೊತೆಗೆ ಎಲೆಯ ರಸ, ಮಣ್ಣು ಇವೆಲ್ಲ ಕ್ಲೋರಿನ್ನನ್ನು ಬೇಗ ಖಾಲಿ ಮಾಡುತ್ತವೆ. ಪೆನ್ಸಿಲ್ವೇನಿಯಾದ ವಿಂಡ್‌ಮೂರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ವಿಜ್ಞಾನಿಗಳು ಇದನ್ನು ನೇರವಾಗಿ ಪರೀಕ್ಷೆಗೆ ಹಚ್ಚಿದರು. ಬ್ಯಾಕ್ಟೀರಿಯಾವನ್ನು ಎಲೆಯ ಒಳಕ್ಕೆ ಸೇರಿಸಿ, ಕೆಲವನ್ನು ಬರೀ ನೀರಲ್ಲಿ, ಕೆಲವನ್ನು ಕ್ಲೋರಿನ್ ನೀರಲ್ಲಿ ತೊಳೆದರು, ಇನ್ನು ಕೆಲವಕ್ಕೆ ವಿಕಿರಣ ಕೊಟ್ಟರು. ನೀರಿನಿಂದ ಏನೂ ಆಗಲಿಲ್ಲ. ಕ್ಲೋರಿನ್ ಮಾಡಿದ್ದೂ ಅಷ್ಟಕ್ಕಷ್ಟೆ. ಎಲೆಯ ಒಳಗಿದ್ದ ಬ್ಯಾಕ್ಟೀರಿಯಾವನ್ನು ಸರಿಯಾಗಿ ತಗ್ಗಿಸಿದ್ದು ವಿಕಿರಣ.

ಬೆಳಕು ಎಲ್ಲಿಯವರೆಗೆ ಹೋಗುತ್ತದೆ

ವಿಕಿರಣ ಅಂದ ಕೂಡಲೇ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಮನೆಯ ನೀರಿನ ಫಿಲ್ಟರಿನಲ್ಲಿ ನೇರಳೆ ಬಣ್ಣದ ದೀಪ ಉರಿಯುತ್ತದಲ್ಲ, ಅದು ಯುವಿ, ನೇರಳಾತೀತ ಬೆಳಕು. ರೋಗಾಣು ಕೊಲ್ಲಲು ಬಳಸುವ ಯುವಿ-ಸಿ ದೀಪದ ತರಂಗದ ಅಳತೆ 254 ನ್ಯಾನೊಮೀಟರ್. ಬ್ಯಾಕ್ಟೀರಿಯಾದ ಡಿಎನ್‌ಎ ಈ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೀರಿಕೊಂಡಾಗ ಅದರ ಎಳೆಯಲ್ಲಿ ಅಕ್ಕಪಕ್ಕದ ಎರಡು ಕೊಂಡಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಅದು ತನ್ನ ನಕಲು ಮಾಡಿಕೊಳ್ಳಲಾಗದೆ ನಿಂತುಹೋಗುತ್ತದೆ. ತಿಳಿನೀರಿನಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲೆಯ ಮೇಲೆ ಕಥೆ ಬೇರೆ. ಯುವಿ ಬೆಳಕು ಬೆಳಕಿನ ಹಾಗೆಯೇ ನಡೆದುಕೊಳ್ಳುತ್ತದೆ: ನೆರಳಿರುವ ಕಡೆ ಬೀಳುವುದಿಲ್ಲ. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಇದ್ದರೆ ಕೆಳಗಿನದು ಕತ್ತಲೆ. ಮಡಿಕೆಯ ಒಳಗೆ ಕತ್ತಲೆ. ಸುಕ್ಕಿನ ಆಚೆ ಕತ್ತಲೆ. ಇನ್ನೊಂದು ತೊಡಕೂ ಇದೆ. ಯುವಿಯಿಂದ ಗಾಯಗೊಂಡು ಸಾಯದೆ ಉಳಿದ ಬ್ಯಾಕ್ಟೀರಿಯಾ ಮಾಮೂಲಿ ಬೆಳಕು ಸಿಕ್ಕರೆ ಆ ಅಂಟನ್ನು ಬಿಡಿಸಿಕೊಳ್ಳಬಲ್ಲದು. ಅದಕ್ಕೆ ಬೇಕಾದ ಕಿಣ್ವ ಅದರಲ್ಲೇ ಇದೆ. ಹಾಗಾಗಿ ಯುವಿ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕತ್ತಲಲ್ಲಿ ಇಡುವುದು ಒಳ್ಳೆಯದು. ಸೇಬು, ಟೊಮೆಟೊದಂಥ ನುಣುಪು ಮೈಯ ಹಣ್ಣಿಗೆ ಯುವಿ ಚೆನ್ನಾಗಿ ಹೊಂದುತ್ತದೆ. ಹಣ್ಣನ್ನು ಉರುಳಿಸುತ್ತಾ ಬೆಳಕು ಕೊಟ್ಟರೆ ಎಲ್ಲ ಮಗ್ಗುಲಿಗೂ ಬೀಳುತ್ತದೆ. ಪಾಲಕ್ ಎಲೆಯನ್ನು ಉರುಳಿಸುವುದು ಹೇಗೆ?

ಕ್ಯಾಮೆರಾ ಫ್ಲಾಶ್ ಥರ ಕ್ಷಣಮಾತ್ರ ಮಿಂಚುವ ಝೆನಾನ್ ದೀಪಗಳೂ ಇವೆ. ಅವುಗಳಿಗೆ ಎಫ್‌ಡಿಎ 1996ರಲ್ಲೇ ಅನುಮತಿ ಕೊಟ್ಟಿತು, ಚದರ ಸೆಂಟಿಮೀಟರಿಗೆ ಒಟ್ಟು 12 ಜೂಲ್ ಮೀರಬಾರದು ಅನ್ನುವ ಮಿತಿಯೊಡನೆ. ಅದು ಯುವಿಗಿಂತ ಬಿರುಸು, ಆದರೆ ಅದೂ ಬೆಳಕೇ. ನೆರಳಿನ ಸಮಸ್ಯೆ ಅದಕ್ಕೂ ತಪ್ಪಿದ್ದಲ್ಲ.

ಎಲೆಯನ್ನು ತೂರಿಹೋಗುವಂಥದ್ದು

ಪಾಲಕ್ ವಿಷಯದಲ್ಲಿ ವಿಜ್ಞಾನಿಗಳು ನೋಡಿದ್ದು ಬೇರೆ ಬಗೆಯ ವಿಕಿರಣವನ್ನು. ಕೋಬಾಲ್ಟ್-60 ಅನ್ನುವ ವಿಕಿರಣಶೀಲ ಲೋಹದಿಂದ ಬರುವ ಗಾಮಾ ಕಿರಣ, ಯಂತ್ರದಿಂದ ಬರುವ ಎಲೆಕ್ಟ್ರಾನ್ ಧಾರೆ, ಎಕ್ಸ್-ರೇ. ಇವು ಎಲೆಯನ್ನು ತೂರಿಕೊಂಡು ಹೋಗುತ್ತವೆ, ಚೀಲವನ್ನೂ ತೂರಿಕೊಂಡು ಹೋಗುತ್ತವೆ. ಗಾಮಾ ಆದರೆ ರಟ್ಟಿನ ಪೆಟ್ಟಿಗೆಗಳ ರಾಶಿಯನ್ನೇ ದಾಟುತ್ತದೆ. ಇವಕ್ಕೆ ನೆರಳು, ಮಡಿಕೆ, ಗವಿ ಲೆಕ್ಕಕ್ಕಿಲ್ಲ.

ಇದರ ಪ್ರಮಾಣವನ್ನು ಅಳೆಯುವುದು ಗ್ರೇ ಅನ್ನುವ ಘಟಕದಲ್ಲಿ. ಒಂದು ಕಿಲೋ ಪದಾರ್ಥ ಒಂದು ಜೂಲ್ ಶಕ್ತಿ ಹೀರಿಕೊಂಡರೆ ಒಂದು ಗ್ರೇ. ಸಾವಿರ ಗ್ರೇ ಒಂದು ಕಿಲೋಗ್ರೇ. ಒಂದು ಕಿಲೋಗ್ರೇ ಕೊಟ್ಟರೆ ಸೊಪ್ಪು ಎಷ್ಟು ಬಿಸಿಯಾಗುತ್ತದೆ ಗೊತ್ತಾ? ಒಂದು ಡಿಗ್ರಿಯ ಕಾಲು ಭಾಗದಷ್ಟು. ಫ್ರಿಜ್ಜಿನಿಂದ ತೆಗೆದ ಎಲೆ ಫ್ರಿಜ್ಜಿನಲ್ಲಿದ್ದಷ್ಟೇ ತಣ್ಣಗೆ, ಗರಿಗರಿಯಾಗಿ ಇರುತ್ತದೆ. ಬೇಯಿಸದೆ ಬೇಯಿಸಿದ ಕೆಲಸ ಆಗುತ್ತದೆ ಅನ್ನುವುದು ಅದಕ್ಕೇ.

ಅಷ್ಟು ಕಮ್ಮಿ ಶಕ್ತಿಗೆ ಬ್ಯಾಕ್ಟೀರಿಯಾ ಸಾಯುವುದು ಯಾಕೆ ಅಂದರೆ, ಪೆಟ್ಟು ಬೀಳುವುದು ಅದರ ಡಿಎನ್‌ಎ ಮೇಲೆ. ಕಿರಣ ಕೆಲವು ಕಡೆ ನೇರವಾಗಿ ಎಳೆ ಕತ್ತರಿಸುತ್ತದೆ. ಇನ್ನು ಕೆಲವು ಕಡೆ ಜೀವಕೋಶದ ನೀರನ್ನು ಒಡೆದು, ಅದರಿಂದ ಹುಟ್ಟಿದ ಚೂರುಗಳು ಎಳೆಯನ್ನು ಹರಿಯುತ್ತವೆ. ಈ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 55 ಲಕ್ಷ ಜೋಡಿ ಕೊಂಡಿಗಳಿವೆ. ಅಷ್ಟು ಉದ್ದದ ದಾರದಲ್ಲಿ ಹಲವು ಕಡೆ ಕಡಿದರೆ ಜೋಡಿಸಿಕೊಳ್ಳಲು ಆಗುವುದಿಲ್ಲ. ವೈರಸ್‌ಗಳ ದಾರ ತೀರಾ ಗಿಡ್ಡ, ಗುರಿ ಚಿಕ್ಕದು. ಹಾಗಾಗಿ ನೊರೊವೈರಸ್, ಹೆಪಟೈಟಿಸ್-ಎ ಇವಕ್ಕೆ ಇಷ್ಟು ಪ್ರಮಾಣ ಸಾಲುವುದಿಲ್ಲ. ಇದನ್ನು ಮುಚ್ಚಿಡಬಾರದು. ವಿಕಿರಣ ಕೊಟ್ಟ ಸೊಪ್ಪು ಎಲ್ಲ ರೋಗದಿಂದ ಮುಕ್ತ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು.

ಈ ಇ. ಕೋಲಿಯ ವಿಷಯಕ್ಕೆ ಬಂದರೆ, ಎಲೆಯ ಮೇಲಿರುವ ಹತ್ತರಲ್ಲಿ ಒಂಬತ್ತನ್ನು ಕೊಲ್ಲಲು ಸುಮಾರು 0.2ರಿಂದ 0.4 ಕಿಲೋಗ್ರೇ ಬೇಕು. ನಡುವಿನ 0.3 ಅಂತ ಇಟ್ಟುಕೊಳ್ಳೋಣ. 0.3ಕ್ಕೆ ಹತ್ತರಲ್ಲಿ ಒಂದು ಉಳಿಯುತ್ತದೆ, 0.6ಕ್ಕೆ ನೂರರಲ್ಲಿ ಒಂದು, 0.9ಕ್ಕೆ ಸಾವಿರದಲ್ಲಿ ಒಂದು, 1.5ಕ್ಕೆ ಲಕ್ಷದಲ್ಲಿ ಒಂದು. ತೊಳೆತ ನೂರರಲ್ಲಿ ಒಂದಕ್ಕೆ ಸುಸ್ತಾಗುವಾಗ ಇದು ಲಕ್ಷದವರೆಗೆ ಹೋಗುತ್ತದೆ. ಅದೂ ಚೀಲ ಮುಚ್ಚಿದ ಮೇಲೆ. ಹೊಸದಾಗಿ ಕೊಳೆ ಸೇರಲು ದಾರಿಯೇ ಇಲ್ಲ. ನನಗೆ ಇದರಲ್ಲಿ ತುಂಬ ಮುಖ್ಯ ಅನ್ನಿಸುವುದು ಈ ಕೊನೆಯ ಮಾತು.

ಹಾಗಾದರೆ ಇನ್ನಷ್ಟು ಕೊಟ್ಟುಬಿಡಬಹುದಲ್ಲ ಅಂದರೆ, ಎಲೆ ಒಪ್ಪುವುದಿಲ್ಲ. ಪ್ರಮಾಣ ಜಾಸ್ತಿಯಾದ ಹಾಗೆ ಎಲೆಯ ಗೋಡೆಗಳನ್ನು ಹಿಡಿದಿರುವ ಪೆಕ್ಟಿನ್ ಸಡಿಲವಾಗಿ ಎಲೆ ಮೆತ್ತಗಾಗುತ್ತದೆ. ವಿಟಮಿನ್ ಸಿ ಸ್ವಲ್ಪ ಇಳಿಯುತ್ತದೆ. ಇನ್ನೊಂದು ಲೆಕ್ಕವೂ ಇದೆ. ಪೆಟ್ಟಿಗೆಯ ಹೊರಮಗ್ಗುಲಿಗೆ ಕಿರಣ ಜಾಸ್ತಿ ತಾಗುತ್ತದೆ, ನಟ್ಟನಡುವಿಗೆ ಕಮ್ಮಿ. ನಡುವಿನ ಚೀಲಕ್ಕೆ 1 ಕಿಲೋಗ್ರೇ ಸಿಗಲೇಬೇಕು ಅಂದರೆ ಅಂಚಿನ ಚೀಲಕ್ಕೆ 2 ಸಿಗಬಹುದು. ಎರಡಕ್ಕೂ ಸರಿಹೋಗುವ ಹಾಗೆ ಪೆಟ್ಟಿಗೆ ಜೋಡಿಸುವುದೇ ಈ ಕೆಲಸದ ಕೈಚಳಕ.

ತಿಂದವರಿಗೆ ವಿಕಿರಣ ತಾಗುತ್ತದಾ ಅನ್ನುವ ಭಯ ಸಹಜ. ತಾಗುವುದಿಲ್ಲ. ಕೋಬಾಲ್ಟ್ ಸೊಪ್ಪನ್ನು ಮುಟ್ಟುವುದೇ ಇಲ್ಲ, ಅದರ ಕಿರಣ ಮಾತ್ರ ಹಾದುಹೋಗುತ್ತದೆ. ಆಹಾರಕ್ಕೆ ಬಳಸುವ ಕಿರಣಗಳ ಶಕ್ತಿಗೆ ಮಿತಿ ಹಾಕಿರುವುದೇ ಪದಾರ್ಥ ವಿಕಿರಣಶೀಲ ಆಗದಿರಲಿ ಅಂತ. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮೂರೂ ಸೇರಿ ಕೂರಿಸಿದ ತಜ್ಞರ ಸಮಿತಿ 1980ರಲ್ಲೇ 10 ಕಿಲೋಗ್ರೇವರೆಗೆ ಆಹಾರ ಸುರಕ್ಷಿತ ಎಂದು ಹೇಳಿತ್ತು.

ಅನುಮತಿ ಸಿಕ್ಕಿತು

ಅಮೆರಿಕದ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. 1958ರ ತಿದ್ದುಪಡಿಯ ಪ್ರಕಾರ ವಿಕಿರಣದ ಮೂಲವೂ ಆಹಾರಕ್ಕೆ ಸೇರಿಸುವ ಪದಾರ್ಥ, ಬಣ್ಣ ಮತ್ತು ಸಂರಕ್ಷಕಗಳ ಹಾಗೆ. ಹಾಗಾಗಿ ಪ್ರತಿ ಆಹಾರಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಅನುಮತಿ. ತಾಜಾ ಹಣ್ಣು ತರಕಾರಿಗೆ 1986ರಿಂದ 1 ಕಿಲೋಗ್ರೇವರೆಗೆ ಅನುಮತಿ ಇತ್ತು, ಆದರೆ ಹುಳು ಸಾಯಿಸಲು ಮತ್ತು ಮಾಗುವುದನ್ನು ನಿಧಾನ ಮಾಡಲು ಮಾತ್ರ. ರೋಗಾಣು ಕೊಲ್ಲಲು ಅಲ್ಲ. ಆಹಾರ ಉದ್ಯಮದ ಒಂದು ಒಕ್ಕೂಟ ಇದಕ್ಕಾಗಿ ಹಾಕಿದ್ದ ಅರ್ಜಿ 2000ದ ಜನವರಿಯಲ್ಲೇ ಪ್ರಕಟವಾಗಿತ್ತು. ಪಾಲಕ್ ದುರಂತ ನಡೆದಾಗ ಅದಕ್ಕೆ ಆರು ವರ್ಷ ಆಗಿತ್ತು.

ದುರಂತದ ನಂತರ ಅರ್ಜಿಯ ಒಂದು ತುಂಡನ್ನು ಬೇರ್ಪಡಿಸಿ ಬೇಗ ನೋಡಿದರು. 2008ರ ಆಗಸ್ಟ್ 22ರಂದು ಎಫ್‌ಡಿಎ ಆದೇಶ ಹೊರಬಂತು. ಹಸಿ ಪಾಲಕ್ ಮತ್ತು ಕೋಸಿನ ಹಾಗೆ ಉಂಡೆ ಕಟ್ಟುವ, ಹಸಿಯಾಗಿ ತಿನ್ನುವ ಸೊಪ್ಪು ಐಸ್‌ಬರ್ಗ್ ಲೆಟಿಸ್, ಈ ಎರಡಕ್ಕೆ, 4 ಕಿಲೋಗ್ರೇ ಮೀರದಂತೆ, ರೋಗಾಣು ತಗ್ಗಿಸಲು ಮತ್ತು ಬಾಳಿಕೆ ಹೆಚ್ಚಿಸಲು ವಿಕಿರಣ ಬಳಸಬಹುದು. ಎರಡೇ ಸೊಪ್ಪು. ಉದ್ದ ಎಲೆಯ ರೊಮೇನ್ ಲೆಟಿಸ್ ಅದರಲ್ಲಿ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆದರೂ ಯಾಕೆ ಬಳಸಲಿಲ್ಲ

ಮೊದಲಿಗೆ ಲೇಬಲ್. ವಿಕಿರಣ ಕೊಟ್ಟ ಆಹಾರದ ಮೇಲೆ ರಾಡುರಾ ಅನ್ನುವ ಗುರುತು ಹಾಕಬೇಕು. ಒಡೆದ ವೃತ್ತದೊಳಗೆ ಎರಡು ಎಲೆ, ಮೇಲೊಂದು ದುಂಡು, ನೋಡಲು ಚಿಕ್ಕ ಹೂವಿನ ಗಿಡದ ಹಾಗಿದೆ. ಜೊತೆಗೆ ವಿಕಿರಣದಿಂದ ಸಂಸ್ಕರಿಸಿದ್ದು ಅನ್ನುವ ಸಾಲು. ಕಪಾಟಿನಲ್ಲಿ ಹತ್ತು ಕಂಪನಿಗಳ ಚೀಲ ಸಾಲಾಗಿರುವಾಗ ಒಂದರ ಮೇಲೆ ಮಾತ್ರ ಆ ಸಾಲಿದ್ದರೆ ಜನ ಯಾವುದಕ್ಕೆ ಕೈ ಹಾಕುತ್ತಾರೆ? ಮೊದಲು ಹೆಜ್ಜೆ ಇಡಲು ಯಾರಿಗೂ ಧೈರ್ಯ ಬರಲಿಲ್ಲ. ಲೇಬಲ್ ನಿಯಮ ಸಡಿಲಿಸುವ ಪ್ರಸ್ತಾಪವನ್ನು ಎಫ್‌ಡಿಎ 2007ರಲ್ಲಿ ಮುಂದಿಟ್ಟಿತ್ತು, ಅದು ದಡ ಸೇರಲಿಲ್ಲ. ನನ್ನ ಮಟ್ಟಿಗೆ ಲೇಬಲ್ ಇರಲೇಬೇಕು. ತಿನ್ನುವವರಿಗೆ ತಿಳಿಯುವ ಹಕ್ಕಿದೆ. ಗುರುತು ತೆಗೆಯುವುದಕ್ಕಿಂತ ಅದರ ಅರ್ಥ ಬಿಡಿಸಿ ಹೇಳುವುದು ಸರಿಯಾದ ದಾರಿ.

ಲೇಬಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಷ್ಟು ಮಾತಾಡದ, ಆದರೆ ನನಗೆ ಇನ್ನೂ ಗಟ್ಟಿ ಕಾರಣ ಅನ್ನಿಸುವುದು ಸಾಗಾಟದ್ದು. ಅಮೆರಿಕದ ಸೊಪ್ಪು ಬೇಸಿಗೆಯಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯಲ್ಲಿ. ಚಳಿಗಾಲ ಬಂತೆಂದರೆ ಉದ್ಯಮ ಗಂಟುಮೂಟೆ ಕಟ್ಟಿ ಅರಿಜೋನಾದ ಯುಮಾಗೆ ಹೋಗುತ್ತದೆ. ಬರೀ ಕೆಲಸಗಾರರಲ್ಲ, ತೊಳೆಯುವ, ಒಣಗಿಸುವ, ಚೀಲ ತುಂಬುವ ಯಂತ್ರಗಳನ್ನೇ ಬಿಚ್ಚಿ ಲಾರಿಗೆ ಹೇರಿ ಸಾಗಿಸುತ್ತಾರೆ. ವಸಂತಕ್ಕೆ ಮತ್ತೆ ವಾಪಸ್. ಕುರಿ ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗುವ ಕುರಿಗಾಹಿಗಳ ಹಾಗೆ ಕಾರ್ಖಾನೆಯೇ ವಲಸೆ ಹೋಗುತ್ತದೆ.

ಈಗ ಗಾಮಾ ಘಟಕ ಹೇಗಿರುತ್ತದೆ ನೋಡಿ. ಸುಮಾರು ಎರಡು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆ. ನಡುವೆ ಆಳವಾದ ನೀರಿನ ಕೊಳ. ಕೋಬಾಲ್ಟನ್ನು ಆರಿಸಲು ಬರುವುದಿಲ್ಲ, ಅದು ಹಗಲು ರಾತ್ರಿ ಕಿರಣ ಸೂಸುತ್ತಲೇ ಇರುತ್ತದೆ. ಕೆಲಸ ಮುಗಿದಾಗ ಅದನ್ನು ಕೊಳದ ತಳಕ್ಕೆ ಇಳಿಸುತ್ತಾರೆ. ಮೇಲಿನಿಂದ ನೋಡಿದರೆ ನೀರಿನಲ್ಲಿ ತಿಳಿನೀಲಿ ಹೊಳಪು ಕಾಣುತ್ತದೆ. ಇಂಥದ್ದನ್ನು ಬಿಚ್ಚಿ ಲಾರಿಗೆ ಹೇರಲು ಆಗುತ್ತದಾ? ಎರಡು ಕಡೆ ಎರಡು ಕಟ್ಟಬೇಕು, ಒಂದೊಂದೂ ಅರ್ಧ ವರ್ಷ ಖಾಲಿ. ಇಲ್ಲವೇ ದೂರದ ಘಟಕಕ್ಕೆ ಸೊಪ್ಪು ಕಳಿಸಬೇಕು. ಎರಡು ವಾರ ಬಾಳುವ ಸೊಪ್ಪಿಗೆ ಒಂದು ದಿನ ಹೆಚ್ಚಿಗೆ ದಾರಿ ಅಂದರೆ ದೊಡ್ಡ ನಷ್ಟ. ಎಲೆಕ್ಟ್ರಾನ್ ಯಂತ್ರ ಆರಿಸಬಹುದಾದದ್ದು, ಆದರೆ ಅದೂ ಹಗುರ ಬಂಡವಾಳವಲ್ಲ. ಮಾಂಸಕ್ಕೆ ಎಲೆಕ್ಟ್ರಾನ್ ಧಾರೆ ಕೊಡುತ್ತಿದ್ದ ಒಂದು ದೊಡ್ಡ ಕಂಪನಿ 2004ರಲ್ಲಿ ದಿವಾಳಿಯಾಗಿತ್ತು. ಅದನ್ನು ಕಂಡವರು ಹಣ ಹೂಡಲು ಹಿಂದೆಮುಂದೆ ನೋಡಿದರು.

ಸಾವಯವ ನಿಯಮವೂ ಅಡ್ಡ ಬಂತು. ಅಮೆರಿಕದ ಸಾವಯವ ಮುದ್ರೆ ಬೇಕಾದರೆ ಇಂಥ ವಿಕಿರಣ ಕೂಡದು. ಎಳೆ ಪಾಲಕ್‌ನಲ್ಲಿ ಸಾವಯವದ ಪಾಲು ಸಣ್ಣದಲ್ಲ.

ವಿರೋಧಿಸಿದ ಗ್ರಾಹಕ ಸಂಘಟನೆಗಳ ವಾದ ಒಂದಿತ್ತು. ವಿಕಿರಣ ಬಂದರೆ ಹೊಲ ಕೊಳಕಾಗಿದ್ದರೂ ನಡೆಯುತ್ತದೆ ಅನ್ನುವ ಧೋರಣೆ ಬರುತ್ತದೆ ಅಂತ. ಈ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಭಯ ನ್ಯಾಯವಾದದ್ದೇ. ಆದರೆ ನಾವು ಹಾಲು ಕಾಯಿಸುತ್ತೇವೆ ಅಂತ ಕೊಟ್ಟಿಗೆ ತೊಳೆಯುವುದನ್ನು ಯಾರೂ ಬಿಡುವುದಿಲ್ಲ. ಎರಡೂ ಬೇಕು. ಮತ್ತೆ, ಕಾಡುಹಂದಿ ಬೇಲಿ ನುಗ್ಗುವುದನ್ನು ಪೂರ್ತಿ ತಡೆಯುವುದು ಎಷ್ಟು ಕಷ್ಟ ಅಂತ ಜೋಳ, ಕಬ್ಬು ಹಾಕುವ ನಮ್ಮ ರೈತರನ್ನು ಕೇಳಿದರೆ ಹೇಳುತ್ತಾರೆ. ಬಯಲಲ್ಲಿ ಬೆಳೆಯುವ ಬೆಳೆಯ ಮೇಲೆ ಹಕ್ಕಿ ಹಾರುತ್ತದೆ, ನೀರು ಹರಿಯುತ್ತದೆ, ಗಾಳಿ ಧೂಳು ತರುತ್ತದೆ.

ಬದಲಿಗೆ ಮಾಡಿದ್ದು

2007ರಲ್ಲಿ ಕ್ಯಾಲಿಫೋರ್ನಿಯಾದ ಸೊಪ್ಪು ಉದ್ಯಮದವರು ಒಂದು ಒಪ್ಪಂದಕ್ಕೆ ಬಂದರು. ದನದ ದೊಡ್ಡಿಗೂ ಹೊಲಕ್ಕೂ ಇಂತಿಷ್ಟು ಅಂತರ, ನೀರಿನ ಪರೀಕ್ಷೆ, ಗೊಬ್ಬರಕ್ಕೆ ನಿಯಮ, ಪ್ರಾಣಿಯ ಹೆಜ್ಜೆ ಕಂಡ ಜಾಗದಲ್ಲಿ ಕೊಯ್ಲು ಬೇಡ, ರಾಜ್ಯ ಸರ್ಕಾರದ ತಪಾಸಣೆ. ಎಲ್ಲ ಒಳ್ಳೆಯ ಕ್ರಮಗಳೇ. ಎಲ್ಲವೂ ಬ್ಯಾಕ್ಟೀರಿಯಾ ಬರದ ಹಾಗೆ ನೋಡಿಕೊಳ್ಳುವ ಕ್ರಮಗಳು. ಬಂದ ಮೇಲೆ ಕೊಲ್ಲುವುದು ಒಂದೂ ಇರಲಿಲ್ಲ.

2018ರ ವಸಂತದಲ್ಲಿ ಮತ್ತೆ ಬಂತು. ಅದೇ ಇ. ಕೋಲಿ ಒ157:ಎಚ್7, ಈ ಸಲ ಯುಮಾ ಸೀಮೆಯ ರೊಮೇನ್ ಲೆಟಿಸ್‌ನಲ್ಲಿ. 36 ರಾಜ್ಯಗಳಲ್ಲಿ 210 ಜನರಿಗೆ ಕಾಯಿಲೆ, 27 ಜನರಿಗೆ ಕಿಡ್ನಿ ತೊಂದರೆ, 5 ಸಾವು. ನೀರಾವರಿ ಕಾಲುವೆಯ ನೀರಿನಲ್ಲಿ ಆ ತಳಿ ಸಿಕ್ಕಿತು. ಕಾಲುವೆಯ ಪಕ್ಕದಲ್ಲೇ ದನ ಕೊಬ್ಬಿಸುವ ದೊಡ್ಡ ದೊಡ್ಡಿಯೊಂದಿತ್ತು. ಆಗಲೂ 2008ರ ಅನುಮತಿ ಪಾಲಕ್ ಮತ್ತು ಐಸ್‌ಬರ್ಗ್‌ಗೆ ಮಾತ್ರ. ರೊಮೇನ್ ಬೆಳೆಗಾರನೊಬ್ಬ ರೋಗಾಣು ಕೊಲ್ಲಲು ವಿಕಿರಣ ಬಳಸುತ್ತೇನೆ ಅಂದಿದ್ದರೂ ಆ ಆದೇಶ ಅವನ ನೆರವಿಗೆ ಬರುತ್ತಿರಲಿಲ್ಲ.

ಇದರ ನಂತರ 2019ರಲ್ಲಿ ಉದ್ಯಮದ ನಿಯಮ ಬಿಗಿಯಾಯಿತು. ಕಾಲುವೆಯಂಥ ತೆರೆದ ನೀರನ್ನು ಕೊಯ್ಲಿಗೆ 21 ದಿನದೊಳಗೆ ಸೊಪ್ಪಿನ ಮೇಲೆ ತುಂತುರಾಗಿ ಬಿಡುವುದಾದರೆ ಮೊದಲು ಶುದ್ಧ ಮಾಡಬೇಕು. ಕ್ಲೋರಿನ್ನಿನಂಥ ರಾಸಾಯನಿಕಗಳ ಜೊತೆಗೆ ಯುವಿ ಬೆಳಕಿಗೂ ಜಾಗ ಇರುವುದು ಇಲ್ಲಿ. ಎಲೆಯ ಮಡಿಕೆಯಲ್ಲಿ ಸೋಲುವ ಯುವಿ, ಮೊದಲೇ ಸೋಸಿ ತಿಳಿ ಮಾಡಿದ ನೀರು ಪೈಪಿನಲ್ಲಿ ತೆಳುವಾಗಿ ಹರಿಯುವಾಗ ಚೆನ್ನಾಗಿ ಗೆಲ್ಲುತ್ತದೆ. ನೀರು ಕದಡಿದ್ದರೆ ಮಾತ್ರ ಪ್ರಯೋಜನ ಇಲ್ಲ, ಮಣ್ಣಿನ ಕಣವೇ ಬ್ಯಾಕ್ಟೀರಿಯಾಗೆ ಕೊಡೆ ಹಿಡಿಯುತ್ತದೆ.

ಮಾಲೂರಿನ ಮಾವು

ಇನ್ನು ಇದೇ ವಿಕಿರಣ, ಇದೇ ಲೇಬಲ್, ಇದೇ ಅಮೆರಿಕ, ಆದರೆ ಬೇರೆ ಫಲಿತಾಂಶ ಕಂಡ ಒಂದು ಉದಾಹರಣೆ ನಮ್ಮ ಹತ್ತಿರವೇ ಇದೆ. ಅಮೆರಿಕಕ್ಕೆ ಭಾರತದ ಮಾವು ಹೋಗಲು ವರ್ಷಗಟ್ಟಲೆ ಅಡ್ಡಿ ಇತ್ತು. ಕಾರಣ ಹಣ್ಣಿನ ನೊಣ ಮತ್ತು ಓಟೆಯೊಳಗಿನ ಹುಳು. 2007ರ ಏಪ್ರಿಲ್‌ನಲ್ಲಿ ದಾರಿ ತೆರೆಯಿತು. ಮುಖ್ಯ ಷರತ್ತು: ಕನಿಷ್ಠ 400 ಗ್ರೇ ವಿಕಿರಣ. ಮೊದಲು ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಕಟ್ಟಿದ ಘಟಕದಿಂದ ಹೋಯಿತು. ಆಮೇಲೆ ಕೋಲಾರ ಜಿಲ್ಲೆಯ ಮಾಲೂರಿನ ಘಟಕಕ್ಕೂ ಅಮೆರಿಕದ ಒಪ್ಪಿಗೆ ಸಿಕ್ಕಿತು. ಅಲ್ಲಿ ಕೊಲ್ಲಬೇಕಾದದ್ದು ಬ್ಯಾಕ್ಟೀರಿಯಾ ಅಲ್ಲ, ಹುಳು ಬೆಳೆದು ಸಂತತಿ ಮುಂದುವರಿಸದಿದ್ದರೆ ಸಾಕು. ಅದಕ್ಕೇ ಪ್ರಮಾಣ ಕಮ್ಮಿ.

ಆ ಪೆಟ್ಟಿಗೆಗಳ ಮೇಲೂ ರಾಡುರಾ ಗುರುತಿದೆ. ಅಲ್ಲಿರುವ ನಮ್ಮವರು ಬಾದಾಮಿ ಮಾವಿನ ಪೆಟ್ಟಿಗೆಗೆ ಕಾದು, ಬೆಲೆ ಜಾಸ್ತಿಯಾದರೂ ಕೊಂಡುಕೊಳ್ಳುತ್ತಾರೆ. ಗುರುತು ನೋಡಿ ಬೆಚ್ಚಿ ವಾಪಸ್ ಇಡುವುದಿಲ್ಲ. ಮಾವು ಬೇಕು ಅನ್ನುವ ಆಸೆ ಇದೆ, ವಿಕಿರಣ ಇಲ್ಲದೆ ಅದು ಬರುವುದಿಲ್ಲ ಅನ್ನುವುದು ಗೊತ್ತಿದೆ. ಪಾಲಕ್‌ಗೆ ಈ ಎರಡೂ ಇಲ್ಲ. ವಿಕಿರಣ ಇಲ್ಲದ ಪಾಲಕ್ ಪಕ್ಕದಲ್ಲೇ ಇರುತ್ತದೆ, ನೋಡಲು ಒಂದೇ ಥರ, ಬೆಲೆಯೂ ಕಮ್ಮಿ. ಅದರಲ್ಲಿ ತೊಂದರೆ ಇದ್ದರೆ ಕಣ್ಣಿಗೆ ಕಾಣುವುದಿಲ್ಲ, ಮತ್ತು ಸಾಮಾನ್ಯವಾಗಿ ತೊಂದರೆ ಇರುವುದೂ ಇಲ್ಲ. ಕೋಟಿಗಟ್ಟಲೆ ಚೀಲಗಳಲ್ಲಿ ಯಾವುದೋ ಒಂದು ದಿನದ, ಒಂದು ಪಾಳಿಯ ಕೆಲವು ಚೀಲ ಕೆಟ್ಟಿರುತ್ತವೆ. ಆ ಕೆಲವಕ್ಕಾಗಿ ಎಲ್ಲ ಚೀಲಗಳಿಗೂ ಖರ್ಚು ಮಾಡಬೇಕು. ವ್ಯಾಪಾರದ ಲೆಕ್ಕದಲ್ಲಿ ಇದು ಹೊಂದುವುದಿಲ್ಲ. 2006ರ ಆ ಮಗುವಿನ ಮನೆಯ ಲೆಕ್ಕದಲ್ಲಿ ಹೊಂದುತ್ತದೆ.

ಎಲ್ಲ ಸೊಪ್ಪಿಗೂ ವಿಕಿರಣ ಕೊಡಿ ಅಂತ ನಾನು ಹೇಳುವುದಿಲ್ಲ. ಬೇಯಿಸಿ ತಿನ್ನುವವರಿಗೆ ಅದರ ಅಗತ್ಯವೇ ಇಲ್ಲ. ಹಸಿ ತಿನ್ನುವ ಆರೋಗ್ಯವಂತರೂ ಬೇಡ ಅನ್ನಬಹುದು, ಅದು ಅವರಿಷ್ಟ. ಆದರೆ ಆಸ್ಪತ್ರೆಯ ಊಟ ಇದೆ, ವೃದ್ಧಾಶ್ರಮದ ಊಟ ಇದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಇದ್ದಾರೆ. ಹಸಿ ಸೊಪ್ಪು ಮುಟ್ಟಬೇಡಿ ಅಂತ ಇವರಲ್ಲಿ ಎಷ್ಟೋ ಜನರಿಗೆ ಡಾಕ್ಟರು ಹೇಳುತ್ತಾರೆ. ಅವರಿಗಾಗಿ ಒಂದು ಸಣ್ಣ ಸಾಲು, ಹೂವಿನ ಗುರುತಿರುವ ಚೀಲ ಕಪಾಟಿನಲ್ಲಿ ಇರಬಹುದಿತ್ತು. 2008ರ ಆದೇಶ ಇವತ್ತಿಗೂ ಪುಸ್ತಕದಲ್ಲಿದೆ. ಅಂಗಡಿಯಲ್ಲಿ ಸಿಗುವ ಚೀಲದ ಮೇಲೆ ಇರುವುದು ಮೂರು ಸಲ ತೊಳೆದಿದೆ ಅನ್ನುವ ಸಾಲು.